ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ: ‘ಉತ್ಪಾದನೆಯೇ ಕಡಿಮೆ’ ಎಂದರೆ ಏನು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ತಂದೆಯವರಿಗೆ 61 ವರ್ಷ, ಶುದ್ಧ ಸಸ್ಯಾಹಾರಿ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಹಿಮೋಗ್ಲೋಬಿನ್ 7.8. ಆರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟಿರಿ, ದಿನವೂ ಬೀಟ್‌ರೂಟ್ ರಸ ಕುಡಿಸಿದಿರಿ, ಏರಲಿಲ್ಲ. ಈಗ ವೈದ್ಯರು ‘ರಕ್ತ ಎಲ್ಲಿಯೂ ಸೋರುತ್ತಿಲ್ಲ, ಉತ್ಪಾದನೆಯೇ ಕಡಿಮೆಯಾಗಿದೆ’ ಎಂದು ಹೇಳಿ ಬೋನ್ ಮ್ಯಾರೋ, ಅಂದರೆ ಮೂಳೆಯ ಮಜ್ಜೆಯ ಪರೀಕ್ಷೆಯ ಮಾತೆತ್ತಿದ್ದಾರೆ. ಉತ್ಪಾದನೆ ಕಡಿಮೆಯಾಗಿ ಬರುವ ರಕ್ತಹೀನತೆಯಲ್ಲಿ ಎಷ್ಟು ಬಗೆಗಳಿವೆ, ಇದು ಕ್ಯಾನ್ಸರ್ ಇರಬಹುದೇ ಎಂದು ಕೇಳಿದ್ದೀರಿ.

ನಾನು ಪೆಥಾಲಜಿಸ್ಟ್. ರಕ್ತದ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ನನ್ನ ವೃತ್ತಿ. ರೋಗಿಯನ್ನು ಕಾಣದೆ, ಸ್ಲೈಡ್ ನೋಡದೆ ರೋಗಕ್ಕೆ ಹೆಸರಿಡುವವನಲ್ಲ; ಹಾಗಾಗಿ ಇದನ್ನು ನಿಮ್ಮ ವೈದ್ಯರ ಮಾತಿಗೆ ಪರ್ಯಾಯ ಎಂದುಕೊಳ್ಳಬೇಡಿ. ಆದರೆ ನೀವು ಟೈಪ್ ಮಾಡಿ ಹಾಕಿರುವ ವರದಿಯಲ್ಲಿ ಮಾತಾಡುವ ಅಂಕಿಗಳಿವೆ. ಎಲ್ಲರ ಕಣ್ಣೂ ಹಿಮೋಗ್ಲೋಬಿನ್ ಮೇಲೆ ನೆಟ್ಟಿರುತ್ತದೆ. ನನ್ನ ಕಣ್ಣು ಹೋದದ್ದು ಅದರ ಕೆಳಗಿನ ಎರಡು ಸಾಲುಗಳ ಮೇಲೆ: ಎಂಸಿವಿ 112, ರೆಟಿಕ್ಯುಲೊಸೈಟ್ ಶೇ 0.6.

ಮೊದಲು ಎರಡನೆಯದು. ವಯಸ್ಕರಲ್ಲಿ ಕೆಂಪು ರಕ್ತಕಣಗಳು ಹುಟ್ಟುವುದು ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬು, ಸೊಂಟದ ಮೂಳೆಗಳ ಒಳಗಿರುವ ಮಜ್ಜೆಯಲ್ಲಿ. ಒಂದು ಕಣದ ಆಯುಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಮಜ್ಜೆ ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ 20 ಲಕ್ಷ ಹೊಸ ಕಣಗಳನ್ನು ತಯಾರಿಸುತ್ತಿರಬೇಕು. ಹಾಗೆ ಹೊಸದಾಗಿ ರಕ್ತಕ್ಕಿಳಿದ ಎಳೆಯ ಕಣವೇ ರೆಟಿಕ್ಯುಲೊಸೈಟ್. ಒಂದೆರಡು ದಿನ ಅದರೊಳಗೆ ಆರ್‌ಎನ್‌ಎ ಉಳಿದಿರುತ್ತದೆ. ವಿಶೇಷ ಬಣ್ಣ ಹಾಕಿದರೆ ನೀಲಿ ಜಾಲದಂತೆ ಕಾಣುತ್ತದೆ. ಅದನ್ನು ಎಣಿಸಿದರೆ ಮಜ್ಜೆ ಎಷ್ಟು ದುಡಿಯುತ್ತಿದೆ ಎಂದು ತಿಳಿಯುತ್ತದೆ.

ನಿಮ್ಮ ವರದಿಯಲ್ಲಿ ಈ ಅಂಕಿಯ ಎದುರು ‘ಸಾಮಾನ್ಯ ಮಿತಿ 0.5ರಿಂದ 2.5’ ಎಂದು ಅಚ್ಚಾಗಿದೆ, ಹಾಗಾಗಿ ಇದು ಸರಿಯಾಗಿಯೇ ಇದೆ ಎಂದು ನೀವು ಬರೆದಿದ್ದೀರಿ. ಇಲ್ಲ. ಆ ಮಿತಿ ಇರುವುದು ರಕ್ತ ಸಾಕಷ್ಟಿರುವ ಮನುಷ್ಯನಿಗೆ. ತಂದೆಯವರ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 23; ಇರಬೇಕಾದದ್ದು 45ರ ಆಸುಪಾಸು. 0.6ನ್ನು 23ರಿಂದ ಗುಣಿಸಿ 45ರಿಂದ ಭಾಗಿಸಿದರೆ 0.3 ಬರುತ್ತದೆ. ರಕ್ತ ಅರ್ಧಕ್ಕೆ ಇಳಿದಾಗ ಆರೋಗ್ಯವಂತ ಮಜ್ಜೆ ಎರಡು ಮೂರು ಪಟ್ಟು ದುಡಿದು ತೋರಿಸುತ್ತದೆ. ಇಲ್ಲಿ ಅದು ಮಾಮೂಲಿ ಕೆಲಸವನ್ನೂ ಮಾಡುತ್ತಿಲ್ಲ. ನಿಮ್ಮ ವೈದ್ಯರು ‘ಉತ್ಪಾದನೆ ಕಡಿಮೆ’ ಎಂದದ್ದು ಈ ಲೆಕ್ಕದ ಮೇಲೆಯೇ. ಅದನ್ನು ಕಂಡುಹಿಡಿದಿದ್ದಾರೆ ಎಂದರೆ ಅವರು ಜಾಗರೂಕರು, ಅವರನ್ನು ಬಿಡಬೇಡಿ.

ಏಕೆ ಕಡಿಮೆ ಎಂಬುದಕ್ಕೆ ದಾರಿ ತೋರಿಸುವುದು ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರ. 80ರಿಂದ 100 ಫೆಮ್ಟೋಲೀಟರ್ ಇದ್ದರೆ ಸಾಮಾನ್ಯ. ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದಾಗುತ್ತದೆ, 70 ಅಥವಾ 65. ಸ್ಲೈಡಿನಲ್ಲಿ ಅಂಥ ರಕ್ತ ನೋಡಿದರೆ ಕಣದ ನಡುವೆ ಖಾಲಿ, ಅಂಚಿನಲ್ಲಿ ಮಾತ್ರ ತೆಳು ಗುಲಾಬಿ ಬಣ್ಣ, ತಟ್ಟೆಯ ತುಂಬ ಕೋಡುಬಳೆ ಹರಡಿದ ಹಾಗೆ. ತಂದೆಯವರ ಕಣ 112. ದೊಡ್ಡದು. ಬರೀ ಕಬ್ಬಿಣದ ಕೊರತೆಯಿಂದ ಕಣ ದೊಡ್ಡದಾಗುವುದಿಲ್ಲ. ಆರು ತಿಂಗಳು ಮಾತ್ರೆ ಏಕೆ ಕೆಲಸ ಮಾಡಲಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಮೊದಲ ದಿನದ ವರದಿಯಲ್ಲೇ ಇತ್ತು.

ಕಬ್ಬಿಣದ ವಿಷಯ ಇಲ್ಲಿಗೇ ಮುಗಿಸಬಹುದಿತ್ತು, ಆದರೆ ಈ ಪುಟಕ್ಕೆ ಬರುವ ಹೆಚ್ಚಿನವರ ತೊಂದರೆ ಅದೇ ಆಗಿರುವುದರಿಂದ ನಾಲ್ಕು ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅದರಲ್ಲಿ ಕಬ್ಬಿಣದ ಕೊರತೆಯ ಪಾಲು ದೊಡ್ಡದು. ಮಜ್ಜೆಗೆ ದಿನಕ್ಕೆ 20–25 ಮಿಲಿಗ್ರಾಂ ಕಬ್ಬಿಣ ಬೇಕು. ಬಹುಪಾಲು ಹಳೆಯ ಕಣಗಳಿಂದಲೇ ಮರಳಿ ಸಿಗುತ್ತದೆ, ಕರುಳು ಹೊಸದಾಗಿ ಹೀರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹಾಗಾಗಿ ತಿಂಗಳ ಮುಟ್ಟಿನಲ್ಲಿ, ಕೊಕ್ಕೆಹುಳುವಿನಿಂದ, ಮೂಲವ್ಯಾಧಿಯಿಂದ ಸ್ವಲ್ಪಸ್ವಲ್ಪವೇ ರಕ್ತ ಹೋದರೂ ಲೆಕ್ಕ ತಪ್ಪುತ್ತದೆ. ಮಾತ್ರೆಯ ಜೊತೆಗೇ ಕಾಫಿ, ಚಹಾ ಕುಡಿದರೆ ಮಾತ್ರೆ ಅರ್ಧ ದಂಡ. ಐವತ್ತು ದಾಟಿದ ಗಂಡಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳಬಾರದು; ಜಠರ ಮತ್ತು ದೊಡ್ಡ ಕರುಳಿನಲ್ಲಿ ಎಲ್ಲಿಂದ ಸೋರುತ್ತಿದೆ ಎಂದು ಎಂಡೋಸ್ಕೋಪಿ ಮಾಡಿ ಹುಡುಕಬೇಕು. ಇನ್ನು ಬೀಟ್‌ರೂಟ್: ನೂರು ಗ್ರಾಮಿಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಅದರಲ್ಲಿಲ್ಲ. ಕೆಂಪು ಬಣ್ಣ ಬೀಟಲೈನ್ ಎಂಬ ಬೇರೆಯೇ ವಸ್ತುವಿನದು. ರುಚಿಗಾಗಿ ಪಲ್ಯ ಮಾಡಿಕೊಂಡು ತಿನ್ನಿ, ಯಾರ ಅಡ್ಡಿಯೂ ಇಲ್ಲ.

ಕಣ ಚಿಕ್ಕದಿದ್ದರೆಲ್ಲ ಕಬ್ಬಿಣದ ಕೊರತೆ ಎಂದೂ ಅಲ್ಲ. ವಂಶಪಾರಂಪರ್ಯವಾಗಿ ಬರುವ ಥಲಸ್ಸೀಮಿಯಾ ರೋಗದ ವಾಹಕರಲ್ಲಿ ಹಿಮೋಗ್ಲೋಬಿನ್ನಿನ ಪ್ರೋಟೀನ್ ಭಾಗವೇ ಕಡಿಮೆ ತಯಾರಾಗುತ್ತದೆ. ಅವರ ಹಿಮೋಗ್ಲೋಬಿನ್ 10–11ರಲ್ಲಿ ನಿಂತಿರುತ್ತದೆ, ಎಂಸಿವಿ 65 ಇರುತ್ತದೆ, ಕಣಗಳ ಸಂಖ್ಯೆ ಮಾತ್ರ ಹೆಚ್ಚೇ ಇರುತ್ತದೆ. ಇಂಥ ಹೆಣ್ಣುಮಕ್ಕಳು ಬಸಿರಿನ ಉದ್ದಕ್ಕೂ, ಆಮೇಲೂ ಕಬ್ಬಿಣ ನುಂಗುತ್ತಲೇ ಇರುವುದನ್ನು ನೋಡುತ್ತೇನೆ. ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ 3.5 ದಾಟಿದೆಯೇ ಎಂದು ಒಮ್ಮೆ ನೋಡಿದರೆ ವಿಷಯ ಬಗೆಹರಿಯುತ್ತದೆ. ಗಂಡನೂ ವಾಹಕನಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ರೋಗ ಬರುವ ಸಂಭವವಿರುವುದರಿಂದ ಈ ಪರೀಕ್ಷೆ ಮದುವೆಗೆ ಮುಂಚೆಯೇ ಆಗುವುದು ಒಳ್ಳೆಯದು. ಕ್ಷಯ, ಸಂಧಿವಾತದಂಥ ದೀರ್ಘ ಉರಿಯೂತದ ಕಾಯಿಲೆಗಳಲ್ಲಿ ಮತ್ತೊಂದು ಬಗೆ: ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ, ಮೈಯಲ್ಲಿರುವ ಕಬ್ಬಿಣವನ್ನು ದಾಸ್ತಾನಿನಲ್ಲೇ ಕೂಡಿಹಾಕುತ್ತದೆ. ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಹೆಚ್ಚಿರುತ್ತದೆ, ಮಜ್ಜೆಗೆ ಮಾತ್ರ ಕಬ್ಬಿಣ ಸಿಗುವುದಿಲ್ಲ. ಮೂಲ ಕಾಯಿಲೆ ಇಳಿಯದೆ ಮಾತ್ರೆಯಿಂದ ಏನೂ ಆಗದು. ಸೀಸದ ವಿಷವೂ ಇದೇ ಗುಂಪಿಗೆ ಸೇರುತ್ತದೆ. ಹಳೆಯ ಬ್ಯಾಟರಿ ಒಡೆಯುವ ಕೆಲಸದವರಲ್ಲಿ, ಸೀಸ ಬೆರೆತ ಭಸ್ಮ ಸೇವಿಸಿದವರಲ್ಲಿ ಬರುತ್ತದೆ. ತಂದೆಯವರು ಯಾವುದಾದರೂ ಭಸ್ಮ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಕಣದ ಗಾತ್ರ ಸರಿಯಿದ್ದು ಉತ್ಪಾದನೆ ಮಾತ್ರ ಕುಸಿದಿದ್ದರೆ ಮೊದಲು ನೋಡಬೇಕಾದದ್ದು ಮೂತ್ರಪಿಂಡ. ‘ರಕ್ತ ತಯಾರಿಸು’ ಎಂದು ಮಜ್ಜೆಗೆ ಅಪ್ಪಣೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಬರುವುದು ಮುಖ್ಯವಾಗಿ ಅಲ್ಲಿಂದ. ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಕಥೆ ಸ್ವಾರಸ್ಯವಾಗಿದೆ. ಜಪಾನಿನ ಕುಮಾಮೊಟೊದ ತಕಾಜಿ ಮಿಯಾಕೆ ಎಂಬ ವಿಜ್ಞಾನಿ, ಮಜ್ಜೆ ಬತ್ತಿಹೋದ ರೋಗಿಗಳ ಮೂತ್ರವನ್ನು 2,550 ಲೀಟರಿನಷ್ಟು ಸಂಗ್ರಹಿಸಿ ಒಣಗಿಸಿ ಶಿಕಾಗೋದ ಯೂಜಿನ್ ಗೋಲ್ಡ್‌ವಾಸರ್ ಅವರಲ್ಲಿಗೆ ಒಯ್ದರು. ಮಜ್ಜೆ ಕೇಳಿಸಿಕೊಳ್ಳದಿದ್ದಾಗ ಮೂತ್ರಪಿಂಡ ಮತ್ತೆಮತ್ತೆ ಅಪ್ಪಣೆ ಹೊರಡಿಸುತ್ತಲೇ ಇರುತ್ತದೆ. ಹಾಗಾಗಿ ಅವರ ಮೂತ್ರದಲ್ಲಿ ಈ ಹಾರ್ಮೋನು ತುಂಬಿರುತ್ತದೆ ಎಂಬುದು ಉಪಾಯ. 1977ರಲ್ಲಿ ಅವರು ಅದನ್ನು ಶುದ್ಧೀಕರಿಸಿದರು. ಇಂದು ಡಯಾಲಿಸಿಸ್ ರೋಗಿಗಳಿಗೆ ಕೊಡುವ ಇಂಜೆಕ್ಷನ್ನಿನ ಮೂಲ ಅದು. ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೂತ್ರಪಿಂಡದ ಕೆಲಸ ಅಳೆಯುವ ಕ್ರಿಯಾಟಿನಿನ್ ನೋಡಲೇಬೇಕು. ನೀವು ಕೊಟ್ಟಿರುವ 1.0 ಚೆನ್ನಾಗಿಯೇ ಇದೆ. ಹಾಗಾಗಿ ಈ ದಾರಿ ಬಿಟ್ಟು ಮುಂದಕ್ಕೆ ಹೋಗೋಣ.

ಈಗ ದೊಡ್ಡ ಕಣದ ವಿಚಾರ. ಸಸ್ಯಾಹಾರಿ, ಹತ್ತು ವರ್ಷ ಮೆಟ್‌ಫಾರ್ಮಿನ್, ಎಂಸಿವಿ 112. ಜೊತೆಗೆ ಬಿಳಿ ರಕ್ತಕಣ 3,100, ಪ್ಲೇಟ್‌ಲೆಟ್ 95,000. ಮೂರೂ ಬಗೆಯ ಕಣಗಳು ಇಳಿದಿರುವುದನ್ನು ಕಂಡೇ ಮನೆಯವರೆಲ್ಲ ಕ್ಯಾನ್ಸರ್ ಎಂದು ಹೆದರಿದ್ದೀರಿ. ಆದರೆ ವಿಟಮಿನ್ ಬಿ12 ಕೊರತೆಯಲ್ಲೂ ಮೂರೂ ಇಳಿಯುತ್ತವೆ. ನಮ್ಮ ಕಡೆ ಈ ಚಿತ್ರ ಕಂಡಾಗ ಮೊದಲು ಹುಡುಕಬೇಕಾದ ಕಾರಣ ಅದೇ.

ಬಿ12 ಮತ್ತು ಫೋಲಿಕ್ ಆಮ್ಲ ಇಲ್ಲದೆ ಡಿಎನ್‌ಎ ಕಟ್ಟಲಾಗುವುದಿಲ್ಲ. ಜೀವಕೋಶ ಬೆಳೆಯುತ್ತದೆ, ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ, ಆದರೆ ಒಡೆದು ಎರಡಾಗಲು ಕೋಶಕೇಂದ್ರ ಸಿದ್ಧವಿರುವುದಿಲ್ಲ. ಹಾಗಾಗಿ ದೊಡ್ಡದಾಗುತ್ತಲೇ ಹೋಗಿ ಬಹುಪಾಲು ಮಜ್ಜೆಯೊಳಗೇ ಸಾಯುತ್ತದೆ. ವಿಚಿತ್ರವೆಂದರೆ ಅಂಥ ಮಜ್ಜೆ ಖಾಲಿಯಾಗಿರುವುದಿಲ್ಲ, ಕಿಕ್ಕಿರಿದಿರುತ್ತದೆ. ಹೊರಗೆ ಬರುವುದು ಮಾತ್ರ ಕೆಲವೇ. ಒಳಗೆ ಸತ್ತ ಕೋಶಗಳಿಂದಾಗಿ ಎಲ್‌ಡಿಎಚ್ ಎಂಬ ಕಿಣ್ವ ರಕ್ತದಲ್ಲಿ ಬಹಳ ಏರುತ್ತದೆ, ಬಿಲಿರುಬಿನ್ ತುಸು ಹೆಚ್ಚಿ ಬಿಳಿಚಿದ ಮುಖಕ್ಕೆ ನಸುಹಳದಿ ಛಾಯೆ ಬರುತ್ತದೆ. ಕಾಮಾಲೆ ಎಂದು ನಾಟಿ ಔಷಧಿಗೆ ಓಡುವವರೂ ಇದ್ದಾರೆ. ಸ್ಲೈಡಿನಲ್ಲಿ ನಾನು ಹುಡುಕುವುದು ಕೆಂಪು ಕಣಕ್ಕಿಂತ ಹೆಚ್ಚಾಗಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣವನ್ನು. ಅದರ ಕೋಶಕೇಂದ್ರಕ್ಕೆ ಸಾಮಾನ್ಯವಾಗಿ ಮೂರು, ನಾಲ್ಕು ಹಾಲೆಗಳಿರುತ್ತವೆ, ತೆಳು ಎಳೆಯಿಂದ ಪೋಣಿಸಿದಂತೆ. ಆರು ಹಾಲೆಯ ಒಂದೇ ಒಂದು ಕಣ ಕಂಡರೂ, ಪಕ್ಕದಲ್ಲಿ ಮೊಟ್ಟೆಯಾಕಾರದ ದೊಡ್ಡ ಕೆಂಪು ಕಣಗಳಿದ್ದರೆ, ಬಿ12 ಪರೀಕ್ಷೆ ಮಾಡಿಸಿ ಎಂದು ವರದಿಯ ಕೆಳಗೆ ಬರೆದೇ ಕಳುಹಿಸುತ್ತೇನೆ. ನಿಮ್ಮ ವರದಿಯಲ್ಲಿ ಸ್ಲೈಡಿನ ವಿವರಣೆಯೇ ಇಲ್ಲ. ಯಂತ್ರ ಉಗುಳಿದ ಅಂಕಿಗಳಷ್ಟೇ ಇವೆ. ‘ಪೆರಿಫೆರಲ್ ಸ್ಮಿಯರ್’ ಎಂದು ಕೇಳಿ ಮಾಡಿಸಿ. ಹೆಚ್ಚು ದುಡ್ಡಿನ ಪರೀಕ್ಷೆಯೇನಲ್ಲ.

ಬಿ12 ಸಿಗುವುದು ಪ್ರಾಣಿಮೂಲದ ಆಹಾರದಿಂದ ಮಾತ್ರ. ಸಸ್ಯಾಹಾರಿಗೆ ಹಾಲು, ಮೊಸರೇ ಗತಿ. ನೀರುಮಜ್ಜಿಗೆಯಿಂದ ಹೊಟ್ಟೆ ತಂಪಾಗಬಹುದು, ಬಿ12 ಸಾಲುವುದಿಲ್ಲ. ಯಕೃತ್ತಿನಲ್ಲಿ ವರ್ಷಗಳಿಗೆ ಸಾಕಾಗುವ ದಾಸ್ತಾನು ಇರುವುದರಿಂದ ಕೊರತೆ ನಿಧಾನವಾಗಿ ಬರುತ್ತದೆ, ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ. 7.8 ಇದ್ದರೂ ತಂದೆಯವರು ಪೇಟೆಗೆ ನಡೆದು ಹೋಗಿಬರುತ್ತಾರೆ ಎಂದಿರಲ್ಲ, ಅದಕ್ಕೇ. ಮೆಟ್‌ಫಾರ್ಮಿನ್ ಕರುಳಿನಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಗ್ಯಾಸ್ ಎಂದು ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಕೂಡ. ಇನ್ನು ಕೆಲವರಲ್ಲಿ ಜಠರವೇ ಬಿ12ನ್ನು ಸಾಗಿಸುವ ಪ್ರೋಟೀನನ್ನು ತಯಾರಿಸುವುದಿಲ್ಲ. ಪರ್ನಿಷಿಯಸ್ ಅನೀಮಿಯಾ ಎಂಬ ಆ ರೋಗ ಒಂದು ಕಾಲಕ್ಕೆ ಮರಣದಂಡನೆಯಾಗಿತ್ತು. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ರೋಗಿಗಳಿಗೆ ದಿನವೂ ಯಕೃತ್ತು ತಿನ್ನಿಸಿ ಬದುಕಿಸಿದರು. ಅದಕ್ಕೆ ದಾರಿ ತೋರಿಸಿದ ವಿಪಲ್ ಅವರನ್ನೂ ಸೇರಿಸಿ ಮೂವರಿಗೆ 1934ರಲ್ಲಿ ನೊಬೆಲ್ ಬಂತು. ತಮಾಷೆಯೆಂದರೆ ವಿಪಲ್ ಅವರ ನಾಯಿಗಳಿಗೆ ಇದ್ದದ್ದು ರಕ್ತ ತೆಗೆದುದರಿಂದ ಬಂದ ಕಬ್ಬಿಣದ ಕೊರತೆ. ಅವು ಚೇತರಿಸಿಕೊಂಡದ್ದು ಯಕೃತ್ತಿನ ಕಬ್ಬಿಣದಿಂದ. ಬಿ12 ಶುದ್ಧರೂಪದಲ್ಲಿ ಕೈಗೆ ಸಿಕ್ಕಿದ್ದು 1948ರಲ್ಲಿ.

ಫೋಲಿಕ್ ಆಮ್ಲದ ಕಥೆಯಲ್ಲಿ ನಮ್ಮ ದೇಶವೂ ಇದೆ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ, ಗಿರಣಿ ಕೆಲಸದ ಬಸುರಿ ಹೆಂಗಸರಲ್ಲಿ ದೊಡ್ಡ ಕಣದ ರಕ್ತಹೀನತೆಯನ್ನು ಕಂಡರು. ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟಾಗ ಅವರು ಗುಣವಾದರು. 1931ರಲ್ಲಿ ಇದು ಪ್ರಕಟವಾಯಿತು. ಅದರೊಳಗಿದ್ದ ವಸ್ತು ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ತಂದೆಯವರು ನುಂಗುತ್ತಿರುವ ಕಬ್ಬಿಣದ ಮಾತ್ರೆಯ ಪಟ್ಟಿಯ ಹಿಂಬದಿ ಓದಿ. ಬಹುತೇಕ ಅಂಥ ಮಾತ್ರೆಗಳಲ್ಲಿ ಫೋಲಿಕ್ ಆಮ್ಲ ಬೆರೆಸಿರುತ್ತಾರೆ. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಮ್ಲ ಮಾತ್ರ ಕೊಡುತ್ತಾ ಹೋದರೆ ಕೆಲವರಲ್ಲಿ ರಕ್ತ ಒಂದಿಷ್ಟು ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ‘ಕಾಲು ಜೋಮು ಹಿಡಿಯುತ್ತದೆ, ಚಪ್ಪಲಿ ಜಾರಿಹೋದದ್ದು ಗೊತ್ತಾಗುವುದಿಲ್ಲ, ಸಕ್ಕರೆ ಕಾಯಿಲೆಯದ್ದಂತೆ’ ಎಂದು ನೀವು ನಡುವೆ ಒಂದು ಸಾಲು ಬರೆದಿದ್ದೀರಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. ಸಕ್ಕರೆಯಿಂದಲೂ ಹಾಗಾಗುತ್ತದೆ, ಬಿ12 ಕೊರತೆಯಿಂದಲೂ ಹಾಗೆಯೇ ಆಗುತ್ತದೆ. ಮೊದಲನೆಯದೆಂದು ತೀರ್ಮಾನಿಸಿ ಎರಡನೆಯದನ್ನು ನೋಡದೇ ಬಿಟ್ಟರೆ, ತಡವಾದಷ್ಟೂ ನರ ಪೂರ್ತಿ ಚೇತರಿಸಿಕೊಳ್ಳುವ ಆಸೆ ಕಡಿಮೆ. ಇನ್ನೊಂದು ಸಂಗತಿ: ಉತ್ಪಾದನೆ ತಗ್ಗಿದಾಗ ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುವುದರಿಂದ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ಬರಬಹುದು. ಅದೊಂದನ್ನೇ ನಂಬಿ ಸಕ್ಕರೆ ಮಾತ್ರೆ ಏರಿಸಬೇಡಿ.

ದಯವಿಟ್ಟು ಗಮನಿಸಿ: ರಕ್ತದ ಮಾದರಿ ಕೊಡುವ ಮೊದಲು ಯಾರಿಂದಲೂ ‘ಶಕ್ತಿಯ ಇಂಜೆಕ್ಷನ್’ ಹಾಕಿಸಬೇಡಿ. ಆ ಕೆಂಪು ದ್ರವದಲ್ಲಿ ಇರುವುದು ಬಿ12. ಒಮ್ಮೆ ಚುಚ್ಚಿಸಿಕೊಂಡರೆ ವರದಿಯಲ್ಲಿ 2,000 ಮೀರಿದ ಅಂಕಿ ಬರುತ್ತದೆ, ಕೊರತೆ ಇತ್ತೋ ಇಲ್ಲವೋ ಹೇಳಲಾಗದೆ ನಾವು ಕೈಕಟ್ಟಿ ಕೂರಬೇಕಾಗುತ್ತದೆ. ‘ಒಂದು ಬಾಟಲಿ ರಕ್ತ ಏರಿಸಿಬಿಡಿ’ ಎಂಬ ನೆಂಟರ ಸಲಹೆಗೂ ಇದೇ ಮಾತು. ಎದೆನೋವು, ಕುಳಿತಲ್ಲೇ ಏದುಸಿರು ಇಲ್ಲದಿದ್ದರೆ 7.8ಕ್ಕೆ ಸಾಮಾನ್ಯವಾಗಿ ರಕ್ತ ಬೇಕಾಗುವುದಿಲ್ಲ. ನಿಧಾನವಾಗಿ ಇಳಿದಿರುವ ವಯಸ್ಸಾದವರಿಗೆ ಅವಸರದಲ್ಲಿ ಏರಿಸಿದರೆ ಹೃದಯಕ್ಕೆ ಭಾರವಾಗುವುದೂ ಉಂಟು.

ಬಿ12 ಪ್ರಮಾಣ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಬಹುತೇಕ ಉತ್ತರ ಸಿಕ್ಕಂತೆ. ಜೊತೆಯಲ್ಲಿ ಫೋಲೇಟ್, ಫೆರಿಟಿನ್, ಎಲ್‌ಡಿಎಚ್, ಥೈರಾಯ್ಡ್, ಯಕೃತ್ತಿನ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕುಂದಿದಾಗಲೂ, ಮದ್ಯಪಾನದಿಂದಲೂ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟಿನಿಂದಲೂ ಕಣ ದೊಡ್ಡದಾಗುತ್ತದೆ. ಕೊರತೆ ಖಚಿತವಾಗಿ ಚಿಕಿತ್ಸೆ ಶುರುವಾದರೆ ಒಂದು ವಾರದೊಳಗೆ ರೆಟಿಕ್ಯುಲೊಸೈಟ್ ಜಿಗಿಯುತ್ತದೆ. ಹಿಮೋಗ್ಲೋಬಿನ್ ಸರಿಹೋಗಲು ಎರಡು ತಿಂಗಳಾದರೂ ಹಿಡಿಯುತ್ತದೆ. ಮೊದಲ ವಾರದಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ.

ಬಿ12 ಸರಿಯಾಗಿಯೇ ಇದ್ದರೆ? ಆಗ ಮಜ್ಜೆಯನ್ನೇ ಕೇಳಬೇಕು. ಅಲ್ಲಿ ಸಾಧ್ಯತೆಗಳು ಬೇರೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆ ಬತ್ತಿ ಆ ಜಾಗದಲ್ಲಿ ಕೊಬ್ಬು ತುಂಬಿರುತ್ತದೆ. ಬಹಳಷ್ಟು ಸಲ ಮೈಯ ರಕ್ಷಣಾ ವ್ಯವಸ್ಥೆಯೇ ಮೂಲಕೋಶಗಳ ಮೇಲೆ ಬೀಳುತ್ತದೆ. ಕೆಲವೊಮ್ಮೆ ಬೆಂಜೀನ್, ಕ್ಲೋರಾಂಫೆನಿಕಾಲ್, ವಿಕಿರಣ ಕಾರಣವಾಗುತ್ತವೆ. ಯಕೃತ್ತಿನ ಚಿಕಿತ್ಸೆಗೆ ನೊಬೆಲ್ ಬಂದ ಅದೇ 1934ರ ಜುಲೈನಲ್ಲಿ ಮೇರಿ ಕ್ಯೂರಿ ತೀರಿಕೊಂಡದ್ದು ಈ ರೋಗದಿಂದ. ಯಕೃತ್ತು ತಿನ್ನಿಸಿ ಅವರನ್ನು ಉಳಿಸುವಂತಿರಲಿಲ್ಲ. ಕೊರತೆಯಿದ್ದದ್ದು ಕಚ್ಚಾವಸ್ತುವಿನಲ್ಲಿ ಅಲ್ಲ, ಮಜ್ಜೆಯಲ್ಲೇ. ಇಂದು ರಕ್ಷಣಾ ವ್ಯವಸ್ಥೆಯ ಆ ದಾಳಿಯನ್ನು ತಗ್ಗಿಸುವ ಎಟಿಜಿ, ಸೈಕ್ಲೊಸ್ಪೊರಿನ್‌ನಂಥ ಔಷಧಿಗಳಿವೆ, ಚಿಕ್ಕ ವಯಸ್ಸಿನವರಿಗೆ ಒಡಹುಟ್ಟಿದವರಿಂದ ಮಜ್ಜೆಯ ಕಸಿ ಇದೆ. ಕೆಂಪು ಕಣ ಮಾತ್ರ ನಿಂತು ಉಳಿದವು ಸರಿಯಿರುವ ಬಗೆಯೂ ಇದೆ: ಪಾರ್ವೊವೈರಸ್ ಬಿ19 ಸೋಂಕು ಒಂದು ವಾರದಷ್ಟು ಉತ್ಪಾದನೆಯನ್ನು ನಿಲ್ಲಿಸುತ್ತದೆ. ಆರೋಗ್ಯವಂತರಿಗೆ ಗೊತ್ತೂ ಆಗುವುದಿಲ್ಲ, ಸಿಕಲ್ ಸೆಲ್ ರೋಗಿಗಳಿಗೆ ಪ್ರಾಣಾಪಾಯ. ಹುಟ್ಟಿನಿಂದಲೇ ಬರುವ ಡೈಮಂಡ್–ಬ್ಲ್ಯಾಕ್‌ಫ್ಯಾನ್ ಶಿಶುಗಳ ರೋಗ, ನಿಮಗೆ ಸಂಬಂಧವಿಲ್ಲ. ಅರವತ್ತು ದಾಟಿದವರಲ್ಲಿ ದೊಡ್ಡ ಕಣದೊಂದಿಗೆ ಬರುವ ಎಂಡಿಎಸ್ ಎಂಬ ಮಜ್ಜೆಯ ರೋಗವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಅದು ರಕ್ತ ಕ್ಯಾನ್ಸರುಗಳ ಸಾಲಿಗೇ ಸೇರುತ್ತದೆ, ಆದರೆ ಕೆಲವರಲ್ಲಿ ವರ್ಷಗಟ್ಟಲೆ ಸೌಮ್ಯವಾಗಿಯೇ ಇರುತ್ತದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಕ್ಯಾನ್ಸರ್ ಇರಬಹುದಾದ ಸಾಧ್ಯತೆ ಪಟ್ಟಿಯಲ್ಲಿದೆ, ಪಟ್ಟಿಯ ಮೊದಲಲ್ಲಿಲ್ಲ.

ಬೋನ್ ಮ್ಯಾರೋ ಪರೀಕ್ಷೆಯ ಬಗ್ಗೆ ಹೆದರಿಕೆ ಬೇಡ. ಬೆನ್ನುಮೂಳೆಗೆ ಚುಚ್ಚುತ್ತಾರೆ, ಕಾಲು ಬಿದ್ದುಹೋಗುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಚುಚ್ಚುವುದು ಸೊಂಟದ ಹಿಂಭಾಗದ ಮೂಳೆಗೆ, ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ. ದ್ರವ ಎಳೆಯುವ ಕೆಲವು ಸೆಕೆಂಡು ಒಳಗೆ ಸೆಳೆದಂಥ ನೋವಾಗುತ್ತದೆ. ಅರ್ಧ ಗಂಟೆಯ ಕೆಲಸ, ಅಂದೇ ಮನೆಗೆ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಬಿ12 ವರದಿ ಬರುವ ತನಕ ಒಂದೆರಡು ದಿನ ಕಾಯಬಹುದೇ ಎಂದು ವೈದ್ಯರನ್ನು ಕೇಳಿ. ಕಾರಣ ಹೇಳಿದರೆ ಒಪ್ಪುತ್ತಾರೆ ಎಂದುಕೊಂಡಿದ್ದೇನೆ. ಬಿ12 ಕೊರತೆಯ ಮಜ್ಜೆ ಮೇಲ್ನೋಟಕ್ಕೆ ಲ್ಯುಕೀಮಿಯಾದಂತೆಯೇ ಕಂಡು ಗಲಿಬಿಲಿ ಮಾಡುವುದರಿಂದ ಆ ವರದಿ ಮೊದಲು ಕೈಯಲ್ಲಿದ್ದರೆ ಸ್ಲೈಡ್ ನೋಡುವ ನಮ್ಮಂಥವರಿಗೂ ಅನುಕೂಲ. ಈ ನಡುವೆ ಜ್ವರ ಬಂದರೆ, ಒಸಡಿನಿಂದ ರಕ್ತ ಬಂದರೆ, ಚರ್ಮದ ಮೇಲೆ ಕೆಂಪು ಚುಕ್ಕೆಗಳೆದ್ದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ಆಸ್ಪತ್ರೆಗೆ ಹೋಗಿ.